ಲೋಳೆಸರದ ಗಿಡವೂ ಅದರ ಆರೈಕೆಯೂ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ತಾಲೂಕುಗಳ ಮನೆಗಳಿಂದ ನಮ್ಮ ಶಾಲೆಗೆ ಬಂದು ಓದಿಹೋದ ಹೆಣ್ಣುಮಕ್ಕಳು ಬಹಳ ಮಂದಿ. ಅವರ ಊರುಗಳಿಗೆ ನಾವು ಹೋದಾಗಲೆಲ್ಲ, ಮನೆಯವರು ಬಂದು ಮಾತಾಡಿಸುವದಕ್ಕೂ ಮುಂಚೆ ನಮ್ಮ ನೆತ್ತಿಗೆ ತಗಲುವದು ಒಂದು ಗಿಡ. ಬಾಗಿಲ ಚೌಕಟ್ಟಿಗೆ ಮೊಳೆ ಹೊಡೆದು, ದಾರದಿಂದ ಕಟ್ಟಿ, ಬೇರು ಮೇಲಾಗಿ ಎಲೆ ಕೆಳಗಾಗಿ ತೂಗಹಾಕಿದ ಲೋಳೆಸರವದು. ದೃಷ್ಟಿ ತಾಕದಿರಲೆಂದು ಅದನ್ನು ಕಟ್ಟುವರು. ಆ ನಂಬಿಕೆಯ ವಿಷಯವಾಗಿ ನಾವು ಇಲ್ಲಿ ವಾದಕ್ಕೆ ಇಳಿಯುವದಿಲ್ಲ. ನಮಗೆ ಬೇಕಾದದ್ದು ಆ ಗಿಡದ ಇನ್ನೊಂದು ಸಂಗತಿ. ಮಣ್ಣಿನ ಒಂದು ಕಣವಿಲ್ಲದೆ, ನೀರಿನ ಒಂದು ತೊಟ್ಟಿಲ್ಲದೆ, ವೈಶಾಖದ ಬಿಸಿಗಾಳಿಯಲ್ಲಿ ತಿಂಗಳುಗಟ್ಟಲೆ ತೂಗಾಡಿದರೂ ಅದು ಹಸಿರಾಗಿಯೇ ಇರುವದು. ಸಾಲದ್ದಕ್ಕೆ, ಕೆಳಮುಖವಾದ ತನ್ನ ಎಳೆಯ ತುದಿಯನ್ನು ಮೆಲ್ಲಮೆಲ್ಲನೆ ಮೇಲಕ್ಕೆ ಬಗ್ಗಿಸಿಕೊಳ್ಳುವದು. ಕೆಲವು ಸಲ ಹೂವಿನ ದಂಟನ್ನೂ ಬಿಡುವದು.

ನಮ್ಮ ತೋಟದ ಕಥೆಯಾದರೋ ಇದಕ್ಕೆ ತೀರ ವಿರುದ್ಧವಾದದ್ದು. ಕೆಲವು ವರ್ಷಗಳ ಹಿಂದೆ ಎಂಟನೆಯ ಇಯತ್ತೆಯ ಹುಡುಗಿಯರು ಬಾವಿಯ ಪಕ್ಕದ ಎರೆಮಣ್ಣಿನಲ್ಲಿ ಲೋಳೆಸರದ ಒಂದು ಮಡಿ ಮಾಡಿದರು. ನೀರು ಹಾಕುವದಕ್ಕೆ ಪಾಳಿ ಹಚ್ಚಿಕೊಂಡರು. ಒಬ್ಬಳೂ ಒಂದು ದಿನವೂ ತಪ್ಪಿಸಲಿಲ್ಲ. ನಾವು ಸಹ ಅವರ ಶ್ರದ್ಧೆಯನ್ನು ಹೊಗಳಿ, ಬೇರೆ ವರ್ಗದವರಿಗೆ ಅವರನ್ನು ಮಾದರಿಯಾಗಿ ತೋರಿಸಿದೆವು. ಆಶ್ವೀಜ ಮಾಸ ಬರುವಷ್ಟರಲ್ಲಿ ಎಲೆಗಳು ಬುಡದಲ್ಲಿ ಕಂದಿ, ಮುಟ್ಟಿದರೆ ಕೈಗೆ ಕಳಚಿ ಬರುವಂತಾದವು. ಕೊಳೆತ ನಾತ ಬಂತು. ಮಡಿಗೆ ಮಡಿಯೇ ಹೋಯಿತು. ಆಗ ಸಿಂದಗಿಯ ಕಡೆಯ ಒಬ್ಬ ಹುಡುಗಿಯು ಎದ್ದು ನಿಂತು, “ಅಕ್ಕೋರೆ, ನಮ್ಮ ಮನ್ಯಾಗ ಬಾಗಿಲಿಗೆ ಕಟ್ಟಿದ್ದು ನೀರಿಲ್ಲದ ಬದುಕೇದ, ಇಲ್ಲಿ ದಿನಾ ನೀರು ಕುಡಿದದ್ದು ಯಾಕ ಸತ್ತಿತ್ರಿ?” ಎಂದು ಕೇಳಿದಳು. ಅಂದಿನ ದಿನ ನಾವು ಕೊಟ್ಟ ಉತ್ತರವು ಅರ್ಧಮರ್ಧವಾದದ್ದು. ಪೂರ್ತಿ ಉತ್ತರವನ್ನು ತಿಳಿದುಕೊಳ್ಳಲು ನಾವೇ ಮರಳಿ ಪುಸ್ತಕ ಹಿಡಿಯಬೇಕಾಯಿತು, ಮತ್ತು ಎರಡನೆಯ ಸಲ ಮಡಿ ಮಾಡಬೇಕಾಯಿತು. ಅದರ ಫಲವೇ ಈ ಲೇಖನ.

ಮೊದಲು ಗಿಡದ ಗುರುತು. ನಮ್ಮ ಸೀಮೆಯಲ್ಲಿ ಲೋಳೆಸರಕ್ಕೂ ಕತ್ತಾಳೆಗೂ ಹೆಸರಿನಲ್ಲಿ ಗೊಂದಲವುಂಟು. ಕೆಲವು ಮನೆಗಳಲ್ಲಿ ಎರಡಕ್ಕೂ ಕತ್ತಾಳಿ ಎಂದೇ ಅನ್ನುವರು. ಎರಡೂ ನೆಲಕ್ಕೆ ಹತ್ತಿಕೊಂಡು, ದಪ್ಪನಾದ ಎಲೆಗಳನ್ನು ಅರಳಿದ ಕಮಲದ ದಳಗಳ ಹಾಗೆ ಸುತ್ತಲೂ ಜೋಡಿಸಿಕೊಂಡು ಬೆಳೆಯುವದರಿಂದ ಈ ಭ್ರಾಂತಿ ಹುಟ್ಟಿರಬೇಕು. ಆದರೆ ಅವು ಬಂಧುಗಳಲ್ಲ. ಹೊಲದ ಬದುವಿನಲ್ಲಿಯೂ ರೈಲು ಹಾದಿಯ ಬದಿಯಲ್ಲಿಯೂ ಬೇಲಿಗೆಂದು ಹಚ್ಚುವ ಕತ್ತಾಳೆಯ ತವರು ಅಮೆರಿಕಾ ಖಂಡದ ಮೆಕ್ಸಿಕೋ ಸೀಮೆ. ಸಸ್ಯಶಾಸ್ತ್ರಜ್ಞರು ಇಂದು ಅದನ್ನು ಶತಾವರಿಯ ಕುಟುಂಬದಲ್ಲಿ ಸೇರಿಸುವರು. ಲೋಳೆಸರದ ತವರು ಅರಬಸ್ಥಾನದ ಬೋಳು ಗುಡ್ಡಗಳು. ಅದರ ಕುಟುಂಬ ಬೇರೆ. ಕತ್ತಾಳೆಯ ಎಲೆಯನ್ನು ಮುರಿಯಲು ಹೋದರೆ ಒಳಗಿನ ನಾರು ಬಿಡುವದಿಲ್ಲ. ಆ ನಾರಿನಿಂದಲೇ ಹಗ್ಗ ಹೊಸೆಯುವರು. ಲೋಳೆಸರದ ಎಲೆಯು ಸೌತೆಕಾಯಿಯಂತೆ ಪಟ್ಟನೆ ಮುರಿದು, ಒಳಗೆ ತಿಳಿಯಾದ ಲೋಳೆ ಕಾಣುವದು. ಕತ್ತಾಳೆಯು ಬಹು ವರ್ಷ ಬೆಳೆದು, ಒಂದೇ ಸಲ ಮರದೆತ್ತರದ ಹೂಗಂಬವನ್ನೆತ್ತಿ, ಆ ಮೇಲೆ ಸಾಯುವದು. ಲೋಳೆಸರವು ಹೂಬಿಟ್ಟು ಸಾಯದೆ ವರ್ಷವರ್ಷವೂ ಹೂಬಿಡಬಲ್ಲದು. ಈ ಭೇದವನ್ನು ಇಷ್ಟು ವಿಸ್ತಾರವಾಗಿ ಬರೆಯುವದಕ್ಕೆ ಕಾರಣವುಂಟು. ಕತ್ತಾಳೆಯ ಹಸಿ ರಸವು ಮೈಗೆ ತಾಗಿದರೆ ಉರಿಯೂ ತುರಿಯೂ ಎದ್ದು ಬೊಕ್ಕೆ ಬರುವವು, ಯಾಕಂದರೆ ಅದರಲ್ಲಿ ಸೂಜಿಯಂಥ ಅತಿಸೂಕ್ಷ್ಮ ಹರಳುಗಳಿರುವವು. ಲೋಳೆಸರವೆಂದು ತಿಳಿದು ಅದನ್ನು ಮಕ್ಕಳ ಸುಟ್ಟಗಾಯಕ್ಕೆ ಹಚ್ಚಿದರೆ ಏನಾಗುವದೆಂಬದನ್ನು ತಾಯಂದಿರೇ ಊಹಿಸಿಕೊಳ್ಳಬಹುದು.

ಹೆಸರುಗಳ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಿಬಿಡುವೆವು. ಸಂಸ್ಕೃತದಲ್ಲಿ ಇದಕ್ಕೆ ಕುಮಾರೀ, ಘೃತಕುಮಾರೀ ಎಂಬ ಹೆಸರುಗಳು. ನಮ್ಮ ನೆರೆಯ ಸೊಲ್ಲಾಪುರದ ಕಡೆ ಮರಾಠಿಯಲ್ಲಿ ಕೋರಫಡ. ಶಾಸ್ತ್ರದ ಹೆಸರು ಅಲೋ ವೇರಾ. ೧೭೫೩ರಲ್ಲಿ ಸ್ವೀಡನ್ ದೇಶದ ಲಿನ್ನೇಯಸ್ ಪಂಡಿತನು ಇದನ್ನು ಬೇರೊಂದು ಜಾತಿಯ ಒಳಭೇದವೆಂದು ಬರೆದಿಟ್ಟನು. ೧೭೬೮ರಲ್ಲಿ ಬರ್ಮನ್ ಎಂಬ ಡಚ್ ಪಂಡಿತನು ಹಿಂದೂ ದೇಶದ ಸಸ್ಯಗಳ ಮೇಲಿನ ತನ್ನ ಗ್ರಂಥದಲ್ಲಿ ಅದಕ್ಕೆ ಸ್ವತಂತ್ರ ಜಾತಿಯ ಪದವಿ ಕೊಟ್ಟನು. ಅದೇ ವರ್ಷ, ಕೆಲವೇ ದಿನಗಳ ತರುವಾಯ, ಇಂಗ್ಲೆಂಡಿನ ತೋಟಗಾರ ಮಿಲ್ಲರನು ಬಾರ್ಬಡೋಸ್ ದ್ವೀಪದ ಹೆಸರನ್ನು ಇದಕ್ಕೆ ಇಟ್ಟನು. ಮೊದಲು ಅಚ್ಚಾದ ಹೆಸರೇ ನಿಲ್ಲತಕ್ಕದ್ದೆಂಬ ನಿಯಮವಿರುವದರಿಂದ ಬರ್ಮನ್ನನ ಹೆಸರು ಉಳಿಯಿತು. ಆದರೂ ಅಂಗಡಿಯ ಸೀಸೆಗಳ ಮೇಲೆ ಮಿಲ್ಲರನ ಹೆಸರು ಇಂದಿಗೂ ಕಾಣುವದು. ಇನ್ನು ನಲವತ್ತೈದನೆಯ ಕೀರ್ತನೆಯ ಇಂಗ್ಲಿಷ್ ಭಾಷಾಂತರದಲ್ಲಿ ಬರುವ ಅಲೋಸ್ ಎಂಬ ಶಬ್ದವನ್ನು ಕಂಡು, ಅದು ಇದೇ ಗಿಡವೆಂದು ನಮ್ಮ ಹುಡುಗಿಯರು ಪ್ರತಿವರ್ಷವೂ ಹೇಳುವರು. ಅದು ಈ ಗಿಡವಲ್ಲ, ಸುವಾಸನೆಯ ಅಗರು ಕಟ್ಟಿಗೆ ಎಂದು ಪಂಡಿತರು ತಿಳಿಯುವರು. ಕಹಿ ರಸದ ಲೋಳೆಸರವನ್ನು ಅರಸನ ಉಡುಪಿಗೆ ಯಾರು ಪೂಸುವರು?

ಈಗ ಸಿಂದಗಿಯ ಹುಡುಗಿಯ ಪ್ರಶ್ನೆಗೆ ಬರುವೆವು. ನೀರಿಲ್ಲದೆ ಈ ಗಿಡವು ಹೇಗೆ ಬದುಕುವದು? ಎಲೆಯನ್ನು ಅಡ್ಡಕೊಯ್ದು ನೋಡಿರಿ. ಹೊರಗೆ ದಪ್ಪನಾದ ಹಸಿರು ಸಿಪ್ಪೆ, ಅದರ ಮೇಲೆ ಮೇಣದ ಲೇಪ. ಸಿಪ್ಪೆಯ ಒಳಮಗ್ಗುಲಿಗೆ ಹಳದಿ ರಸದ ಸಣ್ಣ ನಾಳಗಳು. ನಡುವೆಲ್ಲ ಲೋಳೆ, ಅದರಲ್ಲಿ ನೂರಕ್ಕೆ ತೊಂಬತ್ತೆಂಟು ಪಾಲಿಗೂ ಹೆಚ್ಚು ಬರೀ ನೀರು. ಉಳಿದ ಅಲ್ಪ ಭಾಗದಲ್ಲಿರುವ ಸಕ್ಕರೆಯ ಸರಪಳಿಗಳಂಥ ಪದಾರ್ಥಗಳು ಆ ನೀರನ್ನು ಹಿಡಿದಿಟ್ಟು ಸುಲಭವಾಗಿ ಆವಿಯಾಗಗೊಡವು. ಹೀಗೆ ಪ್ರತಿಯೊಂದು ಎಲೆಯೂ ಬಾಯಿ ಕಟ್ಟಿದ ಒಂದು ಗಡಿಗೆ. ಆದರೆ ಗಡಿಗೆಯ ಬಾಯಿಯನ್ನು ಸದಾ ಕಟ್ಟಿಯೇ ಇಟ್ಟರೆ ಗಿಡವು ಉಸಿರಾಡುವದು ಹೇಗೆ, ಅನ್ನ ಮಾಡಿಕೊಳ್ಳುವದು ಹೇಗೆ? ಎಲ್ಲ ಗಿಡಗಳೂ ಎಲೆಯ ಮೇಲಿನ ಸೂಕ್ಷ್ಮ ರಂಧ್ರಗಳಿಂದ ಗಾಳಿಯೊಳಗಿನ ಇಂಗಾಲಾಮ್ಲವನ್ನು ಒಳಕ್ಕೆಳೆದು, ಬಿಸಿಲಿನ ಬಲದಿಂದ ಅನ್ನ ಮಾಡಿಕೊಳ್ಳುವವು. ರಂಧ್ರ ತೆರೆದರೆ ನೀರು ಹೋಗುವದು, ಮುಚ್ಚಿದರೆ ಅನ್ನವಿಲ್ಲ.

ಈ ಗಂಟನ್ನು ಬಿಚ್ಚುವದಕ್ಕೆ ಒಂದು ಎಳೆ ಸಿಕ್ಕದ್ದು ನಮ್ಮ ಹಿಂದೂ ದೇಶದಲ್ಲಿಯೇ, ಅದೂ ಒಬ್ಬ ಮಿಶನರಿಯ ನಾಲಿಗೆಯ ಮೇಲೆ ಎಂಬದು ನಮ್ಮ ವಾಚಕರಿಗೆ ಸಂತೋಷದ ಸಂಗತಿಯಾದೀತು. ಬೆಂಜಮಿನ್ ಹೈನೆ ಎಂಬವನು ಮೊರೇವಿಯನ್ ಮಿಶನ್ನಿನ ಕೆಲಸಕ್ಕೆಂದು ತರಂಗಂಬಾಡಿಗೆ ಬಂದ ಜರ್ಮನನು. ತರುವಾಯ ಕಂಪನಿ ಸರಕಾರದ ಸಸ್ಯಶಾಸ್ತ್ರಜ್ಞನಾದನು. ಟೀಪುವಿನ ಪತನಾನಂತರ ಮೆಕೆಂಜಿ ಸಾಹೇಬನು ನಡಿಸಿದ ಮೈಸೂರು ಮೋಜಣಿಯಲ್ಲಿ ಇವನೂ ಸೇರಿದ್ದನು. ಬೆಂಗಳೂರಿನ ತೋಟವನ್ನು ಸಹ ಕೆಲವು ಕಾಲ ಇವನ ವಶಕ್ಕೆ ಕೊಟ್ಟಿದ್ದರು. ಎಲೆಯ ಅಂಚಿನಲ್ಲಿಯೇ ಮರಿಗಳನ್ನು ಹುಟ್ಟಿಸುವ ಕಾಡುಬಸಳೆಯ ಗಿಡವನ್ನು ನೀವೆಲ್ಲರೂ ಬಲ್ಲಿರಿ. ಹೈನೆಯು ಅದರ ಎಲೆಯನ್ನು ಬೆಳಿಗ್ಗೆ ಅಗಿದು ನೋಡಿದಾಗ ಅದು ಬಲು ಹುಳಿಯಾಗಿತ್ತು. ಮಧ್ಯಾಹ್ನದ ಹೊತ್ತಿಗೆ ರುಚಿಯೇ ಇರಲಿಲ್ಲ. ಸಂಜೆಗೆ ತುಸು ಕಹಿ. ಒಂದೇ ಗಿಡ, ಒಂದೇ ದಿನ, ಮೂರು ರುಚಿ! ಅವನು ಇದನ್ನು ಲಂಡನ್ನಿನ ಗೆಳೆಯನಿಗೆ ಕಾಗದದಲ್ಲಿ ಬರೆದು ತಿಳಿಸಿದನು. ೧೮೧೫ರಲ್ಲಿ ಅದು ಲಿನ್ನೇಯನ್ ಸೊಸೈಟಿಯ ಗ್ರಂಥದಲ್ಲಿ ಅಚ್ಚಾಯಿತು. ೧೮೧೯ರಲ್ಲಿ ಹೈನೆಯು ಮದರಾಸಿನಲ್ಲಿ ತೀರಿಕೊಂಡನು. ತಾನು ಕಂಡದ್ದರ ಪೂರ್ಣ ಅರ್ಥವು ಅವನಿಗೆ ತಿಳಿದಿರಲಿಲ್ಲ; ಅದನ್ನು ಬಿಡಿಸಿ ತೋರಿಸಲು ಶಾಸ್ತ್ರಜ್ಞರಿಗೆ ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು.

ಅರ್ಥವಾದರೋ ಹೀಗಿದೆ. ಕಾಡುಬಸಳೆ, ಲೋಳೆಸರ, ಕತ್ತಾಳೆ, ಪಾಪಾಸುಕಳ್ಳಿ ಮುಂತಾದವುಗಳು ಹಗಲಿನಲ್ಲಿ ತಮ್ಮ ರಂಧ್ರಗಳನ್ನು ಮುಚ್ಚಿಕೊಂಡು, ತಂಪಾದ ರಾತ್ರಿಯಲ್ಲಿ ತೆರೆಯುವವು. ರಾತ್ರಿ ಒಳಗೆಳೆದ ಇಂಗಾಲಾಮ್ಲವನ್ನು ಒಂದು ಬಗೆಯ ಹುಳಿಯನ್ನಾಗಿ ಮಾಡಿ ಕೂಡಿಡುವವು. ಸೇಬು ಹಣ್ಣಿನಲ್ಲಿರುವ ಹುಳಿಯೂ ಅದೇ. ಬೆಳಗಾದ ಮೇಲೆ ಬಾಗಿಲು ಹಾಕಿಕೊಂಡು, ಕೂಡಿಟ್ಟ ಹುಳಿಯನ್ನು ಒಡೆದು, ಅದರಿಂದ ಬಿಸಿಲಿನಲ್ಲಿ ಅನ್ನ ಮಾಡಿಕೊಳ್ಳುವವು. ಬೆಳಿಗ್ಗೆಯ ಹುಳಿಯು ಸಂಜೆಗೆ ತೀರಿಹೋಗುವದು ಇದಕ್ಕೇ. ನಮ್ಮ ಸೀಮೆಯ ರೈತರ ಮನೆಯಾಕೆಯು ನಸುಕಿನಲ್ಲಿಯೇ ನೀರು ನಿಡಿ ತಂದಿಟ್ಟು, ಬಿಸಿಲೇರಿದ ಮೇಲೆ ಒಳಗೆ ಅಡಿಗೆ ಮಾಡುವ ಹಾಗೆಯೇ ಇದು. ಬರವು ಅತಿಯಾದರೆ ಇವು ರಾತ್ರಿಯೂ ಬಾಗಿಲು ತೆರೆಯದೆ, ತಾವು ಬಿಟ್ಟ ಉಸಿರನ್ನೇ ಮರಳಿ ಬಳಸಿಕೊಂಡು, ಬೆಳೆಯದೆ ಸಾಯದೆ ಕಾದಿರುವವು. ಹೊಸ್ತಿಲ ಮೇಲೆ ತೂಗುವ ಲೋಳೆಸರದ ಗುಟ್ಟು ಇಷ್ಟೇ. ಅದು ಬೆಳೆಯುತ್ತಿಲ್ಲ, ಕೂಡಿಟ್ಟದ್ದನ್ನು ಉಣ್ಣುತ್ತಿದೆ. ಹೊರಗಿನ ಎಲೆಗಳು ಒಂದೊಂದಾಗಿ ಬತ್ತಿ, ನಡುವಿನ ಕುಡಿಗೆ ನೀರು ಒದಗಿಸುವವು. ನಂಬದವರು ತಿಂಗಳಿಗೊಮ್ಮೆ ಅದನ್ನು ಇಳಿಸಿ ತಕ್ಕಡಿಯಲ್ಲಿ ತೂಗಿ ಬರೆದಿಡಲಿ. ತೂಕ ಇಳಿಯುತ್ತ ಹೋಗುವದು ಕಾಣುವದು.

ಹೈನೆಯ ಹಾಗೆ ಎಲೆಯನ್ನು ಅಗಿದು ನೋಡಲು ನಾವು ಮಕ್ಕಳಿಗೆ ಎಂದೂ ಹೇಳುವದಿಲ್ಲ. ಕಾಡುಬಸಳೆಯಲ್ಲಿ ಹೃದಯಕ್ಕೆ ಕೆಡುಕು ಮಾಡುವ ವಿಷಾಂಶವುಂಟು. ಅದರ ಬದಲಾಗಿ ನಮ್ಮ ಹುಡುಗಿಯರು ಅಡಿಗೆಮನೆಯ ಸಾಮಾನಿನಿಂದಲೇ ಪ್ರಯೋಗ ಮಾಡುವರು. ಸೂರ್ಯೋದಯಕ್ಕೆ ಮುಂಚೆ ಒಂದು ಎಲೆ, ಸಂಜೆ ಅದೇ ಗಿಡದ ಅಷ್ಟೇ ತೂಕದ ಇನ್ನೊಂದು ಎಲೆ. ಎರಡನ್ನೂ ಬೇರೆ ಬೇರೆಯಾಗಿ ಅರೆದು, ಒಂದೇ ಅಳತೆಯ ನೀರು ಕೂಡಿಸಿ, ಸೋಸಿ, ಚಿಟಿಕೆ ಅರಿಸಿನ ಹಾಕುವರು. ಆ ಮೇಲೆ ಸುಣ್ಣದ ತಿಳಿನೀರನ್ನು ಹನಿಹನಿಯಾಗಿ ಎಣಿಸುತ್ತ ಬಿಡುವರು. ಹುಳಿಯು ಇರುವವರೆಗೆ ಅರಿಸಿನವು ಹಳದಿಯಾಗಿಯೇ ಇರುವದು. ಹುಳಿ ಮುಗಿದು ಸುಣ್ಣ ಮಿಕ್ಕ ಕೂಡಲೆ ಓಕುಳಿಯಂತೆ ಕೆಂಪಾಗುವದು. ಬೆಳಗಿನ ರಸಕ್ಕೆ ಹೆಚ್ಚು ಹನಿಗಳು ಬೇಕಾಗುವವು, ಸಂಜೆಯದಕ್ಕೆ ಕಡಿಮೆ. ಮೊದಲ ಸಲ ಇದನ್ನು ಕಂಡ ಹುಡುಗಿಯರ ಮೋರೆಗಳನ್ನು ನಾವು ಇನ್ನೂ ಮರೆತಿಲ್ಲ. ಮನೆಯಲ್ಲಿ ಮಾಡುವ ತಾಯಂದಿರು ಸುಣ್ಣದ ನೀರು ಮಕ್ಕಳ ಕಣ್ಣಿಗೆ ಸಿಡಿಯದಂತೆ ನೋಡಿಕೊಳ್ಳಬೇಕು.

ಇನ್ನು ಸಾಕಣೆ. ಈ ನಾಲ್ಕು ತಾಲೂಕುಗಳನ್ನು ಈಚೆಗೆ ಒಡೆದು ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ಕೊಲ್ಹಾರ, ನಿಡಗುಂದಿ ಎಂಬ ಹೊಸ ತಾಲೂಕುಗಳನ್ನು ಮಾಡಿರುವರು. ನಾವು ಹಳೆಯ ಎಲ್ಲೆಗಳನ್ನೇ ಹಿಡಿದು ಬರೆಯುವೆವು. ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ ಹರಿಯುವ ಈ ಸೀಮೆಯಲ್ಲಿ ಮಳೆಯು ಸರಾಸರಿಯಿಂದ ವರ್ಷಕ್ಕೆ ೬೦೦ ಮಿಲಿಮೀಟರಿನ ಆಸುಪಾಸು. ಅದರಲ್ಲಿಯೂ ಬೇರೆ ತಿಂಗಳುಗಳಿಗಿಂತ ಹೆಚ್ಚು ಮಳೆಯು ಸಪ್ಟೆಂಬರದಲ್ಲಿ ಬೀಳುವದು. ಬೇಸಿಗೆಯಲ್ಲಿ ಉಷ್ಣಮಾನವು ೪೦ ಡಿಗ್ರಿ ದಾಟುವದು. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟುವಷ್ಟು ಚಳಿ ಎಂದೂ ಬಾರದು. ಹವೆಯ ಮಟ್ಟಿಗೆ ನೋಡಿದರೆ ಲೋಳೆಸರಕ್ಕೆ ಇದಕ್ಕಿಂತ ಒಳ್ಳೆಯ ಸ್ಥಳವಿಲ್ಲ. ತೊಡಕಿರುವದು ಮಣ್ಣಿನಲ್ಲಿ. ಜೋಳಕ್ಕೆ ಚಿನ್ನದಂಥ ನಮ್ಮ ಎರೆಭೂಮಿಯು ಒಂದು ಸಲ ನೆನೆಯಿತೆಂದರೆ ವಾರಗಟ್ಟಲೆ ನೀರನ್ನು ಬಿಡುವದಿಲ್ಲ. ಗಾಳಿಯಾಡದ ಆ ಜಿಗುಟಿನಲ್ಲಿ ಲೋಳೆಸರದ ಬೇರು ಉಸಿರುಕಟ್ಟಿ ಕೊಳೆಯುವದು. ನಮ್ಮ ಮೊದಲ ಮಡಿಯು ಸತ್ತದ್ದು ಇದರಿಂದಲೇ; ಅದರ ಮೇಲೆ ದಿನಾಲು ನೀರು ಬೇರೆ. ಗಿಡವು ಸಾಯುವಾಗ ಎಲೆಗಳು ಬಾಡಿದಂತೆ ಕಂಡವು. ಬಾಡಿದವೆಂದು ಹುಡುಗಿಯರು ಇನ್ನೂ ಒಂದು ಕೊಡ ಹೆಚ್ಚು ಸುರಿದರು. ಬೇರು ಕೊಳೆತ ಗಿಡಕ್ಕೆ ನೀರು ಕುಡಿಯುವ ಶಕ್ತಿ ಇರುವದಿಲ್ಲವಾದಕಾರಣ ಅದು ನೀರಿನ ನಡುವೆಯೇ ಬಾಡುವದೆಂಬದು ಅವರಿಗೆ ತಿಳಿದಿರಲಿಲ್ಲ. ನಿಜ ಹೇಳಬೇಕೆಂದರೆ ನಮಗೂ ಹೊಳೆಯಲಿಲ್ಲ.

ಆದಕಾರಣ ಎರೆಹೊಲದ ಊರುಗಳವರು ಲೋಳೆಸರವನ್ನು ಏರುಮಡಿಯಲ್ಲಿ ಇಲ್ಲವೆ ಕುಂಡದಲ್ಲಿ ಬೆಳೆಸತಕ್ಕದ್ದು. ಕಾಲುವೆಯ ನೀರು ಬಂದ ಕಡೆಗಳಲ್ಲಿ, ಬಸಿನೀರು ನಿಲ್ಲುವ ತಗ್ಗುಗಳಲ್ಲಿ ಇದನ್ನು ಹಚ್ಚುವ ಆಸೆಯನ್ನೇ ಬಿಡಬೇಕು. ಮಡ್ಡಿಯ ಮೇಲೆ ಇರುವವರು ಭಾಗ್ಯವಂತರು. ಅಲ್ಲಿಯ ಗರಸು ಭೂಮಿಯಲ್ಲಿ ಏನೂ ಮಾಡದೆ ಹಚ್ಚಬಹುದು. ಕುಂಡಕ್ಕೆ ನಾವು ಮಾಡಿಕೊಳ್ಳುವ ಮಿಶ್ರಣವು ಹೀಗೆ: ಮಸಾರಿ ಮಣ್ಣು ಒಂದು ಬುಟ್ಟಿ, ಹಳ್ಳದ ದಪ್ಪ ಉಸುಕು ಒಂದು ಬುಟ್ಟಿ, ಸಣ್ಣ ಗರಸು ಒಂದು ಬುಟ್ಟಿ, ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಎರಡು ಬೊಗಸೆ. ಮುಷ್ಟಿಯಲ್ಲಿ ಹಿಡಿದು ಒತ್ತಿ ಬಿಟ್ಟರೆ ಉಂಡೆಯಾಗದೆ ಉದುರಬೇಕು. ಸುಟ್ಟ ಮಣ್ಣಿನ ಕುಂಡವೇ ಶ್ರೇಷ್ಠ, ಯಾಕಂದರೆ ಅದರ ಮೈಯಿಂದಲೂ ತೇವವು ಆರುವದು. ಈಗ ಎಲ್ಲರ ಮನೆಯಲ್ಲಿಯೂ ಬಣ್ಣದ ಪ್ಲಾಸ್ಟಿಕ್ ಡಬ್ಬಿಗಳಿರುವವು; ಅವುಗಳಲ್ಲಿಯೇ ಹಚ್ಚುವದಾದರೆ ತಳದಲ್ಲಿ ನಾಲ್ಕೈದು ತೂತು ಕೊರೆದು, ಹಂಚಿನ ಚೂರು ಹಾಸಬೇಕು. ಬೇರು ಆಳಕ್ಕೆ ಹೋಗದೆ ಅಗಲಕ್ಕೆ ಹರಡುವದರಿಂದ ಕುಂಡವು ಆಳಕ್ಕಿಂತ ಅಗಲವಾಗಿರುವದು ಲೇಸು.

ಇದರ ಬೀಜ ಹುಡುಕುವ ಶ್ರಮ ಬೇಡ. ಕಾಯಿ ಕಟ್ಟುವದೇ ಅಪರೂಪ. ಎಲೆಯನ್ನು ಮುರಿದು ಮಣ್ಣಿಗೆ ಊರಿದರೂ ಗಿಡವಾಗುವದಿಲ್ಲ. ಕಾಡುಬಸಳೆಯ ಎಲೆಯಲ್ಲಿ ಇರುವಂಥ ಮೊಗ್ಗು ಇದರ ಎಲೆಯಲ್ಲಿಲ್ಲ, ಅದು ಬರಿದೆ ಕೊಳೆಯುವದು. ತಾಯಿಗಿಡದ ಬುಡದಲ್ಲಿ ಹುಟ್ಟುವ ಮರಿಗಳಿಂದಲೇ ವಂಶವು ಮುಂದುವರಿಯಬೇಕು. ಮರಿಯ ಎಲೆಗಳು ಮೊದಮೊದಲು ಸುತ್ತಾಗಿರದೆ, ಬೀಸಣಿಗೆಯ ಹಾಗೆ ಎರಡೇ ಸಾಲಿನಲ್ಲಿ ನಿಂತು, ಮೈಮೇಲೆ ಬಿಳಿ ಚುಕ್ಕೆಗಳಿರುವವು. ಇದನ್ನು ಕಂಡು ಬೇರೆ ಜಾತಿಯೆಂದು ಕಿತ್ತೊಗೆದವರನ್ನು ನಾವು ಬಲ್ಲೆವು. ಮರಿಯು ಗೇಣುದ್ದವಾಗಿ, ತನ್ನ ಸ್ವಂತ ಬೇರು ಬಿಟ್ಟ ಮೇಲೆ, ಮಣ್ಣು ಒಣಗಿದ ದಿನ ನೋಡಿ, ಶುದ್ಧವಾದ ಚಾಕುವಿನಿಂದ ತಾಯಿಯಿಂದ ಬೇರ್ಪಡಿಸಬೇಕು. ಕೊಯ್ದ ಕೂಡಲೆ ನೆಡಬಾರದು. ಎರಡು ಮೂರು ದಿನ ನೆರಳಿನಲ್ಲಿಟ್ಟು ಗಾಯವು ಆರಿ ಹೊಪ್ಪಳಿಕೆ ಕಟ್ಟಿದ ಮೇಲೆ ನೆಟ್ಟು, ಮತ್ತೆ ಐದಾರು ದಿನ ಬಿಟ್ಟು ನೀರು ಕೊಡಬೇಕು. ಈ ಕಾಯುವಿಕೆಯೇ ಹುಡುಗಿಯರಿಗೆ ಎಲ್ಲಕ್ಕಿಂತ ಕಠಿಣವಾಗಿ ತೋರುವದು. ನೆಡುವದಕ್ಕೆ ಜೂನಿನ ಮೊದಲ ಮಳೆಗಳು ಹೊರಟುಹೋದ ನಂತರದ ಕಾಲವು ಒಳ್ಳೆಯದು. ಸಪ್ಟೆಂಬರದ ಹೊಡೆತ ಬರುವಷ್ಟರಲ್ಲಿ ಬೇರು ಹಿಡಿದಿರುವದು. ಹೊಲದಲ್ಲಿ ಗಿಡದಿಂದ ಗಿಡಕ್ಕೆ ಒಂದೂವರೆ ಎರಡು ಅಡಿ ಅಂತರ ಸಾಕು.

ನೀರಿನ ವಿಷಯದಲ್ಲಿ ನಮ್ಮ ನಿಯಮ ಒಂದೇ. ಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿನಲ್ಲಿ ಊರಿ ನೋಡುವದು; ತೇವ ತಗಲಿದರೆ ಆ ದಿನ ಬಿಡುವದು. ಕುಂಡದ ಗಿಡಕ್ಕೆ ಬೇಸಿಗೆಯಲ್ಲಿ ಸುಮಾರು ವಾರಕ್ಕೊಮ್ಮೆ, ಚಳಿಗಾಲದಲ್ಲಿ ಮೂರು ವಾರಕ್ಕೊಮ್ಮೆ ಬಂದೀತು. ಮಳೆಗಾಲದಲ್ಲಿ ಏನೂ ಬೇಡ, ಕುಂಡವನ್ನು ಸೂರಿನ ಕೆಳಗೆ ಸರಿಸಿದರೆ ಇನ್ನೂ ಒಳ್ಳೆಯದು. ಕೊಡುವಾಗ ತಳದಿಂದ ಹೊರಬರುವಷ್ಟು ಕೊಡಬೇಕು, ದಿನಾ ಚಿಮುಕಿಸಬಾರದು. ಮತ್ತೊಂದು ಸೂಕ್ಷ್ಮವುಂಟು. ಎಲೆಗಳ ಕಮಲದಂಥ ಜೋಡಣೆಯು ಇಬ್ಬನಿಯನ್ನೂ ತುಂತುರನ್ನೂ ದೋಣಿಯಂತೆ ಹರಿಸಿ ಬುಡಕ್ಕೆ ತಲುಪಿಸುವದು. ಬೋಳು ಗುಡ್ಡದಲ್ಲಿ ಅದು ವರ. ತಂಬಿಗೆಯಿಂದ ನಡುವಿನ ಕುಡಿಗೆ ಸುರಿಯುವವರ ಮನೆಯಲ್ಲಿ ಅದೇ ಶಾಪ, ಯಾಕಂದರೆ ಸುಳಿಯಲ್ಲಿ ನಿಂತ ನೀರಿನಿಂದ ಕೊಳೆ ಹತ್ತುವದು. ಬುಡಕ್ಕೆ ಹಾಕಿರಿ, ತಲೆಗೆ ಬೇಡ.

ನೆರಳಿನಿಂದ ಒಮ್ಮೆಲೇ ಬಿಸಿಲಿಗೆ ತಂದರೆ ಎಲೆಯು ಕೆಂಪು ಕಂದು ಬಣ್ಣಕ್ಕೆ ತಿರುಗುವದು. ರೋಗವೆಂದು ಅಂಜಬೇಕಾಗಿಲ್ಲ, ಮಧ್ಯಾಹ್ನದ ನೆರಳು ಕೊಟ್ಟರೆ ಹಸಿರು ಮರಳುವದು. ಎಲೆಗಳು ತೆಳ್ಳಗಾಗಿ ನೆಲಕ್ಕೆ ಮಲಗಿದರೆ ಬೆಳಕು ಸಾಲದೆಂದು ತಿಳಿಯಬೇಕು. ಸಂದುಗಳಲ್ಲಿ ಅರಳೆಯಂಥ ಬಿಳಿ ಹಿಟ್ಟುತಿಗಣೆ ಕಂಡರೆ ಸಾಬೂನು ನೀರಿನ ಬಟ್ಟೆಯಿಂದ ಒರೆಸಬೇಕು. ಬುಡ ಕೊಳೆತ ಗಿಡವನ್ನು ಕಿತ್ತು, ಮೆತ್ತಗಾದದ್ದನ್ನೆಲ್ಲ ಗಟ್ಟಿ ಭಾಗ ಬರುವವರೆಗೆ ಕೊಯ್ದು, ಒಂದು ವಾರ ಒಣಗಿಸಿ ಹೊಸ ಉಸುಕಿನಲ್ಲಿ ಇಟ್ಟರೆ ಕೆಲವು ಉಳಿಯುವವು. ಎಲ್ಲವೂ ಅಲ್ಲ.

ಈಗ ನಮ್ಮನ್ನು ಬರೆಯುವಂತೆ ಒತ್ತಾಯಿಸಿದ ಮುಖ್ಯ ಮಾತು. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಕಳುಹಿಸಿದ ಕಾಗದವು ನಮ್ಮ ಮುಂದಿದೆ. ಅವಳು ಮೂರು ತಿಂಗಳ ಬಸುರಿಯಾಗಿದ್ದಾಗ, ಮೈಗೆ ತಂಪೆಂದು ಮನೆಯ ಹಿರಿಯರು ಪ್ರೀತಿಯಿಂದಲೇ ಲೋಳೆಸರದ ಇಡೀ ಎಲೆಯನ್ನು ಅರೆದು ಕುಡಿಸಿದರು. ರಾತ್ರಿಯೊಳಗೆ ಹೊಟ್ಟೆ ನುಲಿದು ಭೇದಿ ಹತ್ತಿತು. ಎರಡು ದಿನ ದವಾಖಾನೆಯಲ್ಲಿ ಇರಬೇಕಾಯಿತು. ದೇವರ ದಯದಿಂದ ತಾಯಿಯೂ ಕೂಸೂ ಉಳಿದರು. “ಎಂಟನೆಯ ಇಯತ್ತೆಯಲ್ಲಿ ನಾನೇ ಆ ಗಿಡಕ್ಕೆ ನೀರು ಹಾಕಿದ್ದೆನು, ಆದರೆ ಹಳದಿ ರಸದ ಸುದ್ದಿಯನ್ನು ನೀವು ಹೇಳಲಿಲ್ಲ” ಎಂದು ಅವಳು ಬರೆದಿರುವಳು. ಆ ಮಾತು ನಮಗೆ ನೆಟ್ಟಿತು. ಹೇಳದೆ ಹೋದದ್ದು ನಿಜ.

ಆದಕಾರಣ ಈಗ ಹೇಳುವೆವು. ಸಿಪ್ಪೆಯ ಒಳಗಿನ ನಾಳಗಳಲ್ಲಿರುವ ಹಳದಿ ರಸವೂ ನಡುವಿನ ತಿಳಿ ಲೋಳೆಯೂ ಎರಡು ಬೇರೆ ಪದಾರ್ಥಗಳು. ಹಳದಿ ರಸವನ್ನು ಕಾಸಿ ಗಟ್ಟಿ ಮಾಡಿದರೆ ಗಂಧಿಗೆ ಅಂಗಡಿಯ ಕರಿಬೋಳವಾಗುವದು. ಅದರಲ್ಲಿರುವ ಅಲೋಯಿನ್ ಎಂಬ ಕಹಿ ಪದಾರ್ಥವು ಕರುಳನ್ನು ಕೆರಳಿಸುವ ತೀವ್ರ ಭೇದಿ ಮದ್ದು. ಬಸುರಿಯರಿಗೂ ಮೊಲೆಯುಣಿಸುವ ತಾಯಂದಿರಿಗೂ ಸಣ್ಣ ಮಕ್ಕಳಿಗೂ ಅದನ್ನು ಎಂದಿಗೂ ಕೊಡಕೂಡದು. ಅಮೆರಿಕಾ ದೇಶದ ಔಷಧ ಆಡಳಿತವು, ಸುರಕ್ಷಿತವೆಂಬದಕ್ಕೆ ಸಾಕಷ್ಟು ಪ್ರಮಾಣ ದೊರೆಯದ ಕಾರಣ, ವೈದ್ಯರ ಚೀಟಿಯಿಲ್ಲದೆ ಮಾರುವ ಭೇದಿ ಔಷಧಗಳೊಳಗಿಂದ ಇದನ್ನು ೨೦೦೨ರಲ್ಲಿ ತೆಗೆಸಿತು. ಇಡೀ ಎಲೆಯ ಸಾರವನ್ನು, ಮನುಷ್ಯರಲ್ಲಿ ಅರ್ಬುದ ರೋಗ ಹುಟ್ಟಿಸುವ ಸಾಧ್ಯತೆಯುಳ್ಳ ಪದಾರ್ಥಗಳ ಪಟ್ಟಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಮಂಡಲಿಯವರು ಸೇರಿಸಿರುವರು. ಮನೆಯಂಗಳದ ಗಿಡವೆಂದ ಮಾತ್ರಕ್ಕೆ ಅದು ನಿರಪಾಯವೆಂದು ತಿಳಿಯುವದು ದೊಡ್ಡ ತಪ್ಪು.

ಹೊರಗೆ ಹಚ್ಚುವದಕ್ಕೆ ಎಲೆಯನ್ನು ತೆಗೆಯುವ ಕ್ರಮ ಇದು: ಎಂಟು ಹತ್ತು ತಿಂಗಳು ದಾಟಿದ ಗಿಡದ ಹೊರಸುತ್ತಿನ ಒಂದೆರಡು ಎಲೆಗಳನ್ನು ಬುಡದಲ್ಲಿ ಕೊಯ್ದು, ಕೊಯ್ದ ತುದಿ ಕೆಳಗಾಗಿ ಬಟ್ಟಲಲ್ಲಿ ಕಾಲು ತಾಸು ನಿಲ್ಲಿಸಬೇಕು. ಹಳದಿ ರಸವೆಲ್ಲ ಇಳಿಯುವದು, ಅದನ್ನು ಚೆಲ್ಲಬೇಕು. ಆ ಮೇಲೆ ತೊಳೆದು, ಮುಳ್ಳಂಚು ತೆಗೆದು, ಸಿಪ್ಪೆ ಸುಲಿದು, ಲೋಳೆಯನ್ನು ಇನ್ನೊಮ್ಮೆ ತೊಳೆಯಬೇಕು. ರೊಟ್ಟಿ ಬಡಿಯುವಾಗ ಹಂಚು ತಾಕಿ ಸುಟ್ಟರೆ ಮೊದಲು ಇಪ್ಪತ್ತು ನಿಮಿಷ ಹರಿಯುವ ತಣ್ಣೀರಿನಲ್ಲಿ ಕೈ ಹಿಡಿಯಬೇಕು, ಲೋಳೆಯು ಅದರ ತರುವಾಯ. ಅದೂ ಸಣ್ಣ ಸುಟ್ಟಗಾಯಕ್ಕೆ ಮಾತ್ರ. ಬೊಕ್ಕೆ ಒಡೆದದ್ದಕ್ಕೆ, ಮೋರೆ ಸುಟ್ಟದ್ದಕ್ಕೆ, ಅಂಗೈಗಿಂತ ದೊಡ್ಡದಕ್ಕೆ ದವಾಖಾನೆಯೇ ದಾರಿ.

ಪಾಲಕರಾದ ರೈತರಿಗೆ ಇನ್ನೊಂದು ಮಾತು. ನೀರು ಬೇಡದ ಬೆಳೆ, ಎಲೆಗೆ ಎಲೆ ಹಣ ಎಂಬ ಆಸೆಯಿಂದ ನಮ್ಮ ಪಾಲಕರೊಬ್ಬರು ನಿಂಬೆಯ ತೋಟದ ಪಕ್ಕದ ಎರಡು ಎಕರೆ ಮಡ್ಡಿಯಲ್ಲಿ ಲೋಳೆಸರ ಹಚ್ಚಿದರು. ಸಸಿ ಮಾರಿದವರೇ ಎಲೆ ಕೊಳ್ಳುವೆವೆಂದು ಮಾತು ಕೊಟ್ಟಿದ್ದರು. ಗಿಡವು ಸೊಗಸಾಗಿ ಬಂತು, ಕೊಳ್ಳುವವರು ಬರಲಿಲ್ಲ. ಮಗಳ ಫೀಸು ಕಟ್ಟಲು ಬಂದಾಗ ಅವರು ನಗುತ್ತಲೇ ಇದನ್ನು ಹೇಳಿದರು, ಆದರೆ ಆ ವರ್ಷ ಹುಡುಗಿಯು ಹೊಸ ಪುಸ್ತಕಗಳನ್ನು ಕೊಂಡಿರಲಿಲ್ಲ. ಇದರಲ್ಲಿ ತಿಳಿಯತಕ್ಕದ್ದು ಇಷ್ಟು: ಎಲೆಯ ಭಾರವೆಲ್ಲ ನೀರಿನ ಭಾರ, ಕೊಯ್ದ ಎಲೆಯ ಲೋಳೆಯು ಕೆಲವು ತಾಸುಗಳಲ್ಲಿಯೇ ಕೆಡತೊಡಗುವದು. ಆದಕಾರಣ ರಸ ತೆಗೆಯುವ ಕಾರಖಾ‌ನೆಯು ಹತ್ತಿರದಲ್ಲಿಲ್ಲದೆ, ಕೊಳ್ಳುವವನ ಕರಾರು ಕಾಗದದ ಮೇಲಿಲ್ಲದೆ, ಹೊಲಕ್ಕೆ ಹಚ್ಚುವದು ಜೂಜು. ಇಂಡಿಯ ನಿಂಬೆಗೆ ಪೇಟೆಯುಂಟು, ಕೊಳ್ಳುವವರುಂಟು. ಅದನ್ನು ಕಿತ್ತು ಇದನ್ನು ಹಚ್ಚಬೇಡಿರೆಂದು ನಾವು ಕೇಳಿಕೊಳ್ಳುವೆವು. ಬದುವಿನಲ್ಲಿ ಹತ್ತು ಗಿಡ, ಅಂಗಳದಲ್ಲಿ ಎರಡು ಕುಂಡ ಇದ್ದರೆ ಒಂದು ಮನೆಗೆ ಬೇಕಾದಷ್ಟಾಯಿತು.

ನಮ್ಮ ಎರಡನೆಯ ಮಡಿಯು ಗರಸು ತುಂಬಿದ ಏರಿನ ಮೇಲೆ, ಪಾಳಿಯಿಲ್ಲದೆ, ಹುಡುಗಿಯರ ಬೆರಳಿನ ಪರೀಕ್ಷೆಯ ಮೇಲೆ ನಡೆದಿದೆ. ತಾಯಿಗಿಡಗಳ ಸುತ್ತ ಮರಿಗಳು ಒತ್ತೊತ್ತಾಗಿ ನಿಂತಿರುವವು. ಹಳೆಯ ವಿದ್ಯಾರ್ಥಿನಿಯರ ಸಮ್ಮೇಲನಕ್ಕೆ ಬರುವವರಿಗೆಂದು ಅವುಗಳನ್ನು ಬೇರ್ಪಡಿಸಿ, ಗಾಯ ಆರಿಸಿ, ವರ್ತಮಾನ ಪತ್ರಿಕೆಯ ಹಾಳೆಯಲ್ಲಿ ಸುತ್ತಿ ವರಾಂಡದ ಬೆಂಚಿನ ಮೇಲೆ ಇಡುವೆವು. ಒಬ್ಬೊಬ್ಬರಿಗೆ ಒಂದೊಂದು. ಬಸ್ಸಿನಲ್ಲಿ ಒಯ್ಯುವಾಗ ನೀರು ಚಿಮುಕಿಸುವ ಕಾರಣವಿಲ್ಲ. ಊರು ಮುಟ್ಟಿ ನಾಲ್ಕು ದಿನ ತಡವಾಗಿ ನೆಟ್ಟರೂ ಅದಕ್ಕೆ ಏನೂ ಆಗದು.